ಬಿಟ್ಟಿ ಅಕ್ಷರ

ಡಂಡೀಯಲ್ಲಿ ಡಿಸೆಂಬರಿಗೆ ಮೂರೂವರೆಗೇ ಕತ್ತಲು.
ಲೈಬ್ರರಿಯ ನಾಲ್ಕನೇ ಕಂಪ್ಯೂಟರು ಆರರವರೆಗೆ ನನ್ನದು,
ಕೀಲಿಮಣೆಯ ಮೇಲೆ ಅರ್ಧ ಅಕ್ಷರ ಸವೆದಿವೆ.
ಆಮೇಲೆ ಲಾಂಡ್ರಿ, ಊರ ಮಂದಿಯ ಹೊದಿಕೆ, ಹಾಸಿಗೆಬಟ್ಟೆ.

ಐಲ್ಸಾ ಮೇಡಂ ಮೊದಲ ದಿನವೇ ಒಂದು ಚೀಟಿ ಕೊಟ್ಟಿದ್ದರು,
ದಿನಸಿ ಪಟ್ಟಿಯ ಹಾಗೆ:
ಅಕ್ಷರ ಈ ತಾಣದಲ್ಲಿ, ಬಣ್ಣ ಇದರಲ್ಲಿ, ಚಿತ್ರ ಅದರಲ್ಲಿ.
ದುಡ್ಡು ಬೇಡ, ಆದರೆ ಲೈಸೆನ್ಸು ಓದು,
ಓದದೆ ಒಂದು ಚುಕ್ಕಿಯನ್ನೂ ಎತ್ತಿಕೊಳ್ಳಬೇಡ.

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೂ ಒಂದಿರಲಿ!
ಒಂದೇ ವಾರಕ್ಕೆ ಇಳಿಸಿಕೊಂಡೆ ಆರುನೂರ ಹನ್ನೆರಡು ಫಾಂಟು.
ದಪ್ಪ, ಸಪೂರ, ಸೊಟ್ಟ, ಕೋಡು ಮೂಡಿದ್ದು,
ರಕ್ತ ತೊಟ್ಟಿಕ್ಕುವುದು,
ಲಗ್ನಪತ್ರಿಕೆಗೆಂದೇ ಹುಟ್ಟಿ ನಾಚುತ್ತಿರುವುದು.
ಪೆನ್‌ಡ್ರೈವು ತುಂಬಿತು.
ಪೋಸ್ಟರು ಮಾತ್ರ, ಮೀನು ಮಾರುಕಟ್ಟೆಯಲ್ಲಿ
ಎಲ್ಲರೂ ಒಟ್ಟಿಗೇ ಕೂಗಿದ ಹಾಗೆ.

ಚಿತ್ರದ ತಾಣದಲ್ಲಿ ಎಲ್ಲರೂ ನಗುತ್ತಾರೆ.
ಸೊಪ್ಪು ತಿನ್ನುತ್ತ ನಗುತ್ತಾರೆ, ಫೈಲು ತೆರೆದು ನಗುತ್ತಾರೆ.
ಲಾಂಡ್ರಿ ಅಂತ ಹುಡುಕಿದರೆ
ಬಿಳಿ ಟವೆಲಿಗೆ ಕೆನ್ನೆಯೊತ್ತಿ ಕಣ್ಣು ಮುಚ್ಚಿದ್ದಾಳೆ ಒಬ್ಬಳು.
ಎರಡು ವರ್ಷದಲ್ಲಿ ನಾನು
ಯಾರ ಟವೆಲಿಗೂ ಕೆನ್ನೆಯೊತ್ತಿಲ್ಲ.

ಒಂದು ದಿನ ಕಾಲೇಜಿನಲ್ಲಿ, ಸುಮ್ಮನೆ, ಕನ್ನಡ ಹುಡುಕಿದೆ.
ಬೆರಳೆಣಿಕೆಯಷ್ಟು ಸಿಕ್ಕವು, ಚೆಲುವಾದವು.
ಹೆಸರು ಹೊಡೆದೆ: ಜ್ಯೋತ್ಸ್ನಾ.
ಪಾದದಡಿ ಕೂರಬೇಕಾದ ಒತ್ತುಗಳೆಲ್ಲ
ಬಸ್ಸಿಗೆ ಕಾದವರಂತೆ ಸಾಲಾಗಿ ನಿಂತವು,
ನಾನು ಐದು ತುಂಡು.
ಗೋಡೆಗೆ ಅಂಟಿಸಿದೆ. ಕ್ಲಾಸು ತಲೆದೂಗಿತು.
'ಎಂಥ ಲಯ!' ಅಂದರು ಮೇಡಂ.
ನಾನೂ ಥ್ಯಾಂಕ್ಸ್ ಅಂದೆ.
(ಮೆನುವಿನೊಳಗಿನ ಮೆನುವಿನಲ್ಲಿ ಒಂದು ಟಿಕ್ಕು ಹಾಕಿದರೆ
ಒತ್ತುಗಳು ಇಳಿದು ಕೂರುತ್ತವೆ. ಗೊತ್ತಾಗಲು ಹನ್ನೊಂದು ದಿನ ಹಿಡಿಯಿತು.)

ಅದೇ ತಿಂಗಳು ಮಾಲೀಕ ಗೆಡಿಸ್ ಹೇಳಿದ,
ಓದುತ್ತಿದ್ದೀಯಲ್ಲ, ಒಂದು ಬೋರ್ಡು ಮಾಡು:
'ಎರಡನೇ ಯಂತ್ರ ಬಿಸಿ ಹೆಚ್ಚು. ಉಣ್ಣೆ ಹಾಕಬೇಡಿ.'
ಬಣ್ಣದ ತಾಣಕ್ಕೆ ಹೋದೆ. ಐದೈದು ಬಣ್ಣದ ಪಟ್ಟಿಗಳು,
ಒಂದಕ್ಕೆ 'ಬೆಣ್ಣೆ ಮತ್ತು ಬೆಳಗಿನ ಮಂಜು' ಅಂತ ಹೆಸರು.
ಬೆಣ್ಣೆಯ ಮೇಲೆ ಮಂಜಿನಲ್ಲಿ ಬರೆದೆ,
ಕೂದಲೆಳೆಯಷ್ಟು ಸಪೂರದ ಅಕ್ಷರ,
ಸುತ್ತ ಉಸಿರಾಡಲು ಜಾಗ.
ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ.

ಮಂಗಳವಾರ ನ್ಯಾನ್ ಕಿಡ್ ಬಂದಳು.
ಎಂಬತ್ತಕ್ಕೆ ಒಂದು ಕಡಿಮೆ, ಎಡಗಣ್ಣಿಗೆ ಪೊರೆ.
ಎರಡನೇ ಯಂತ್ರಕ್ಕೆ ಹಾಕಿದಳು
ತೀರಿಹೋದ ಗಂಡನ ಕಡುನೀಲಿ ಸ್ವೆಟರು.
ನಲವತ್ತು ನಿಮಿಷ.
ಹೊರಗೆ ಬಂದದ್ದು ಕೂಸಿನ ಅಂಗಿ.

ಅವಳು ಬೈಯಲಿಲ್ಲ. ಗೋಡೆ ನೋಡಿ ಕೇಳಿದಳು,
'ಅಲ್ಲಿ ಏನಾದರೂ ಬರೆದಿದೆಯಾ ಮಗಳೇ?'

ಚೀಟಿಯ ಕೊನೆಯ ಸಾಲು, ನಾನು ಒಮ್ಮೆಯೂ ತೆರೆಯದ್ದು:
ಎರಡು ಬಣ್ಣ ಕೊಟ್ಟರೆ ನಡುವಿನ ಅಂತರ ಅಳೆದು ಹೇಳುವ ತಾಣ.
ಆ ರಾತ್ರಿ ತೆರೆದೆ. ಬೆಣ್ಣೆ ಕೊಟ್ಟೆ, ಮಂಜು ಕೊಟ್ಟೆ.
ಒಂದು ಪಾಯಿಂಟ್ ಎಂಟು.
ಬೇಕಾದದ್ದು ನಾಲ್ಕೂವರೆ.
ಕೆಂಪು ಪೆಟ್ಟಿಗೆಯಲ್ಲಿ ಬಂತು ಉತ್ತರ: ನಪಾಸು.

ಬಿಳಿಯ ಮೇಲೆ ಕಪ್ಪು. ಒಂದೇ ಫಾಂಟು, ದಪ್ಪನೆಯದು.
ಮಿಕ್ಕ ಆರುನೂರ ಹನ್ನೊಂದನ್ನು
ಅಳಿಸಿದೆ ಅಂದರೆ ಸುಳ್ಳಾಗುತ್ತದೆ; ಇಟ್ಟುಕೊಂಡಿದ್ದೇನೆ.

ಚೀಟಿಯ ಹಿಂಬದಿಗೆ ನನ್ನ ಕೈಯಲ್ಲೇ ಒಂದು ಸಾಲು:
ನ್ಯಾನ್ ಕಿಡ್. ಮಂಗಳವಾರ, ಹತ್ತಕ್ಕೆ.
ಮೂರು ಹೆಜ್ಜೆ ದೂರ ನಿಲ್ಲಿಸಿ ಓದಿಸಬೇಕು.
ಉಚಿತ, ಆದರೆ ಚಹಾ ಕೊಡಬೇಕು.

ಆ ಸ್ವೆಟರು ಈಗ ಅವಳ ಬಿಸಿನೀರಿನ ಚೀಲಕ್ಕೆ ಹೊದಿಕೆ,
ಅಳತೆ ಕೊಟ್ಟು ಹೆಣೆಸಿದ ಹಾಗಿದೆಯಂತೆ.
ಹೊಸ ಬೋರ್ಡನ್ನು ಗಟ್ಟಿಯಾಗಿ, ಕೊನೆಯತನಕ ಓದಿದಳು.
'ಇಷ್ಟು ಜೋರಾಗಿ ಕೂಗಬೇಕಿತ್ತಾ?' ಅಂದಳು.