ದುಬಾರೆಯಲ್ಲಿ ಭಾನುವಾರ

ಇವತ್ತು ಗಂಟೆ ಬಾರಿಸುವುದಿಲ್ಲ.
ಜೇಬಲ್ಲೇ ಮರೆತ ಸೀಮೆಸುಣ್ಣ
ಅಂಗಿ ಒಗೆಯುವಾಗ ಕಾವೇರಿಗೆ ಬಿತ್ತು;
ಸ್ವಲ್ಪ ಹೊತ್ತು ಬಿಳಿ, ಆಮೇಲೆ ಬರೀ ನೀರು.

ನಡುಗಡ್ಡೆಯ ಬಂಡೆ ಮೇಲೆ ಅಂಗಾತ.
ಬಿದಿರು ಕಿರುಗುಟ್ಟಿದರೆ ಕಿರುಗುಟ್ಟಲಿ.
ಬೊಳ್ಳಮ್ಮ ಕಟ್ಟಿಕೊಟ್ಟ ಕಡಂಬುಟ್ಟು
ಎರಡು ನನಗೆ,
ಒಂದನ್ನು ಇರುವೆಗಳು ಕೇಳದೆ ಎತ್ತಿಕೊಂಡವು.

ಮೂರು ತಿಂಗಳು ಹಾಡಿಯ ಮಕ್ಕಳಿಗೆ
ಪುಕ್ಕಟೆ ಅಕ್ಷರ ಕಲಿಸಿದೆನೆಂಬ ಜಂಬ
ಬಿಸಿಲಿಗೆ ಸುಖವಾಗಿ ಮೈ ಚಾಚಿತ್ತು.

ಅಷ್ಟರಲ್ಲಿ ಚೋಮಿ,
ಮೊಣಕಾಲುದ್ದ ನೀರಲ್ಲಿ ನಿಂತು:
"ಹೊಳೆ ದಾಟೋದು ಹಂಗಲ್ಲ ಮೇಷ್ಟ್ರೇ.
ಇದು ಅಜ್ಜಿಹಲ್ಲು, ಅದು ಆಮೆ,
ಆ ಕರೀದು ಮೋಸ, ಕಾಲಿಡಬೇಡಿ.
ಈಗ ಹೇಳಿ."

ಹೇಳಿದೆ. ಆಮೆ ತಪ್ಪಿತು.
ನನ್ನ ಹಾಗೇ ಹುಬ್ಬು ಗಂಟಿಕ್ಕಿ
"ಇನ್ನೊಂದ್ಸಲ" ಅಂದಳು.

ಕುಶಾಲನಗರದ ಬಸ್ಸು ಹಾರ್ನ್ ಹೊಡೆದು ಹೋಯಿತು.
ಹೋಗಲಿ.
ಅಜ್ಜಿಹಲ್ಲು, ಆಮೆ...