ನೇಫಾ

ವಾಡಿ ಜಂಕ್ಷನ್ನಿನಾಗ ಮುಂಜಾನಿ ಎಂಟಕ್ಕ ಎಂಜಿನ್ನಿಂದ ಇಳಿದು
ಲಾಬಿಯಾಗ ಸಹಿ ಮಾಡಿ, ಟಾರ್ಚು ಬ್ಯಾಗಿಗಿ ತುರುಕಿ
ಮನಿಗಿ ಬರೂದರಾಗ
ನನ್ನ ರಾತ್ರಿ ಸುರು ಆಗ್ತದ.

ಬಿಸಿಲಿಗಿ ಇದು ಗೊತ್ತಿಲ್ಲ.

ಬಾಡಿಗಿ ಕೋಲಿ ಖಿಡಕಿಗಿ ಬ್ಲೈಂಡ್ಸ್ ಅದಾವ,
ಮೊದಲಿದ್ದ ಸಿಮೆಂಟ್ ಫ್ಯಾಕ್ಟರಿ ಇಂಜಿನಿಯರ ಹಾಕ್ಸಿದ್ದು.
ಮೂರನೇ ಪಟ್ಟಿ ಮುರದದ, ಏಳನೇದು ಸೊಟ್ಟ.
ದಾರ ಜಗ್ಗಿದ್ರ ಒಂದು ಬಾಜು ಮ್ಯಾಲ ಏರ್ತದ,
ಇನ್ನೊಂದು ಸಿಟ್ಟಿಗೆದ್ದ ಹುಬ್ಬಿನಂಗ ಅಲ್ಲೇ.
ಸಂದಿ ಸಂದಿಯಿಂದ ಬಿಸಿಲು ಬಂದು
ಹಾಸಿಗಿ ಮ್ಯಾಲ ಹಳಿ ಹಾಸ್ತದ.
ಕಣ್ಣು ಮುಚ್ಚಿದ್ರೂ ನಾ ಗಾಡಿ ಹೊಡೀತಾನೇ ಇರ್ತೀನಿ.

"ಪರದಾ ಹಾಕ್ತೀನ್ರಿ ಅಮ್ಮಾ, ಎರಡೇ ಮೊಳಿ" ಅಂದೆ.
ಖಮರ್ ಬೀ ಹುಣಸಿ ಬೀಜ ತೆಗೀಲತ್ತಿದ್ರು, ಕೈ ನಿಲ್ಲಸಲಿಲ್ಲ.
"ಆ ಇಂಜಿನಿಯರ ನಾಕು ತೂತು ಕೊರದಾನ.
ನಾಕಕ್ಕೂ ಅಡ್ವಾನ್ಸಿನಾಗ ಹಿಡದೀನಿ.
ನೀ ಖಿಡಕಿಗಿ ಏನರ ಹಾಕ್ಕೋ ಜಗದೇವಿ, ಹುಲಿ ಚರ್ಮಾ ಹಾಕ್ಕೋ,
ಗ್ವಾಡಿಗಿ ಕೈ ಹಚ್ಚಬ್ಯಾಡ."

ಕಲಬುರಗಿ ಸೂಪರ್ ಮಾರ್ಕೆಟ್ಟಿಂದ ಅಂಟು ಹುಕ್ಕು ತಂದೆ.
ಮೂರು ಕಿಲೋ ತಡೀತದ ಅಂತ ಡಬ್ಬಿ ಮ್ಯಾಲ ಬರದಿತ್ತು,
ಯಾವ ಊರಾಗ ಅಂತ ಬರದಿರಲಿಲ್ಲ.
ಮೇ ತಿಂಗಳ ಮಧ್ಯಾಹ್ನಕ್ಕ ಅಂಟು ಬೆಲ್ಲದ ಪಾಕ ಆಗಿ
ಹುಕ್ಕು, ಬೆಡ್‌ಶೀಟು, ಜೊತಿಗಿ ಅಂಗೈಯಷ್ಟು ಸುಣ್ಣ
ಎಲ್ಲಾ ಎದಿ ಮ್ಯಾಲ ಬಿದ್ವು.
ಕಿತ್ತ ಜಾಗಾಕ್ಕ ಹಲ್ಲಿನ ಪೇಸ್ಟು ಮೆತ್ತಿದೆ.
ಬ್ಲೈಂಡ್ಸಿನ ತಲಿಪಟ್ಟಿಗಿ ಅಯಸ್ಕಾಂತ ಹಿಡದು ನೋಡಿದೆ:
ಅದು ಅಲ್ಯುಮಿನಿಯಂ,
ಪರಿಚಯನೇ ಇಲ್ಲದಂಗ ಮಾಡ್ತು.

ಆ ವಾರ ಶಹಾಬಾದ್ ಸಮೀಪ
ಹಸಿರು ಅಂತ ಕೂಗಿ ಹೇಳೂದು ಒಂದು ಉಸಿರು ತಡ ಆತು.
ಸೀನಿಯರ್ ಮಾಣಿಕರಾವ್ ಏನೂ ಅನ್ನಲಿಲ್ಲ,
ಚಹಾದ ಥರ್ಮಾಸ್ ನನ್ನ ಕಡಿ ಸರಿಸಿದ್ರು.
ಅದೇ ಭಾಳ ಚುಚ್ಚಿತು.

"ಗ್ವಾಡಿ ಯಾಕ ಪುದೀನಾ ವಾಸನಿ ಹೊಡೀತದ?"
ಬಾಡಿಗಿ ಕೇಳ್ಲಾಕ ಬಂದ ಖಮರ್ ಬೀ ಮೂಗು ಎತ್ತಿದ್ರು.
ನಾ ಹೇಳಿದೆ. ಎಲ್ಲಾ, ಥರ್ಮಾಸಿನ ತನಾ.
ಅವರು ಖಿಡಕಿ ಮುಂದ ನಿಂತು ಗೇಣು ಹಾಕಿದ್ರು.
ಕಲ್ಲಿನ ಗ್ವಾಡಿ, ಒಂದೂವರಿ ಫೂಟು ದಪ್ಪ;
ಬ್ಲೈಂಡ್ಸಿನ ಮುಂದ ಇನ್ನೂ ಒಂದು ಗೇಣು ಖಾಲಿ.
"ಇಷ್ಟು ಜಾಗಾ ಇಟಗೊಂಡು ಅಳ್ತಿ ಏನ್?"

ಬಿದಿರು ಬಂತು. ಹಳೀ ಸೈಕಲ್ ಟ್ಯೂಬು ಬಂತು.
ಬುರ್ಖಾ ಹೊಲಿದು ಉಳಿದ ಕರಿ ಥಾನು ಬಂತು.
ಮಷಿನ್ನಿಗಿ ಕುಂತು ನೇಫಾ ಹೊಲೀಲತ್ತಿದ್ರು,
ನಾ ಬಟ್ಟಿ ಹಿಡಕೊಂಡಿದ್ದೆ.
"ಚಿತ್ತಾಪುರದಾಗ ಬಾಡಿಗಿ ಇದ್ವಿ," ಅಂದ್ರು ಸೂಜಿ ನೋಡ್ಕೋತ,
"ತೊಟ್ಟಿಲಕ್ಕ ಅಂತ ತೊಲಿಗಿ ಒಂದೇ ಮೊಳಿ ಹೊಡದಿದ್ವಿ.
ಸಂಜೀಕ ಸಾಮಾನು ರಸ್ತಾದಾಗ.
ತೊಟ್ಟಿಲಾನೇ ಕಡೀಕ ಹೊರಗ ಬಂತು, ಅದರಾಗ ಮಲಗ್ಯಾನ ಮಗ."
ದಾರ ಹಲ್ಲಿಲೆ ಕಡದ್ರು.
"ಈ ಮನಿ ನಂದೇ. ಆದ್ರೂ ಮೊಳಿ ಹೊಡೀಲಾಕ ಕೈ ಬರಂಗಿಲ್ಲ.
ನಮ್ಮ ಕ್ಯಾಲೆಂಡರ್ ನೋಡು, ಮೇಜಿನ ಮ್ಯಾಲ ಮಲಗ್ಯಾದ."

ಬಿದಿರಿನ ಎರಡೂ ತುದಿಗಿ ಟ್ಯೂಬು ಸುತ್ತಿ,
ನೇಫಾದಾಗ ತೂರಿಸಿ, ಓರಿ ಹಿಡದು
ಗುದ್ದಿ ನೆಟ್ಟಗ ಮಾಡಿದ್ವಿ.
ರಬ್ಬರು ಕಿರ್ರ್ ಅಂತು. ನಿಂತ್ತು.
ಬಾಜೂಕ ಗೂಡ್ಸು ಹೋತು, ಐವತ್ತೆಂಟು ಡಬ್ಬಿ,
ಪಾತ್ರಿ ನಡುಗಿದ್ವು. ಬಿದಿರು ನಿಂತೇ ಇತ್ತು.

ಮುಂಜಾನಿ ಹತ್ತಕ್ಕ ಕೋಲಿಯಾಗ ಕತ್ತಲಿ.
ಸೊಟ್ಟ ಪಟ್ಟಿ ಅದರ ಹಿಂದ ಏನರ ಮಾಡ್ಕೋಲಿ.
ಎಷ್ಟೊತ್ತಿಗೋ ಎಚ್ಚರ ಆದ್ರ
ಕರಿ ಬಟ್ಟ್ಯಾಗ ಒಂದೇ ಒಂದು ತೂತು,
ಸೂಜಿ ತಪ್ಪಿದ ಜಾಗಾ, ದೂರದ ಸಿಗ್ನಲ್ಲಿನಂಗ.
"ಹಳದಿ" ಅಂದೆ ನಿದ್ದಿಗಣ್ಣಾಗ, ರೂಢಿಯಂಗ.
ಕೆಳಗ ಮಷಿನ್ನು ಟಕ್ ಟಕ್ ಅಂತು.
ಹೊಳ್ಳಿ ಮಲಗಿದೆ.