ಕಲಾಬಿಯಾ

ಇಳಿತದ ಹೊತ್ತು ದೋಣಿ
ಹವಳದ ಹಾಸಿನ ಮೇಲೆ ಓರೆಯಾಗಿ ಕೂತುಬಿಡುತ್ತದೆ,
ಹಟ ಹಿಡಿದ ಹಂದಿಯ ಹಾಗೆ.
ಅವ್ವ ಸಿಂಪಿ ಹೆಕ್ಕಲು ಇಳಿಯುತ್ತಾಳೆ,
ಮೊಣಕಾಲವರೆಗೆ ಕತ್ತಲು, ಕೈಯಲ್ಲಿ ಲಾಟೀನು.
ನಾನು ಇಳಿಯುವುದಿಲ್ಲ.
ಈಗ ಸೊಂಟದಿಂದ ಮೇಲಷ್ಟೇ ನಾನು ಓರ್ಗೆನೆಸ್ ಮಂಬ್ರಾಸಾರ್,
ಉಳಿದರ್ಧವನ್ನು ವೈಗೆಯೊದ ಬಡಗಣ ಕಡಲಲ್ಲಿ
ಇಪ್ಪತ್ತು ಮಾರು ಕೆಳಗೆ ಬಿಟ್ಟು ಬಂದೆ.
ಹಳದಿ ಕೊಳವೆ ಎಲ್ಲೋ ಮಡಚಿಕೊಂಡ ದಿನ
ಮೇಲೆ ಕಂಪ್ರೆಸರ್ ಗುಡುಗುಡಿಸುತ್ತಲೇ ಇತ್ತಂತೆ,
ಉಸಿರು ಮಾತ್ರ ಬರಲಿಲ್ಲ.
ಸಮುದ್ರಸೌತೆಯ ಚೀಲ ಅವಚಿಕೊಂಡೇ ಮೇಲಕ್ಕೆ ಚಿಮ್ಮಿದೆ.
ಚೀಲಕ್ಕೆ ಧಣಿ ಕಾಸು ಕೊಟ್ಟ. ಲೆಕ್ಕ ಚುಕ್ತಾ.

ಗುಂಡಿಯ ನೀರು ಉಸಿರು ಕಳೆದುಕೊಂಡು
ಸಣ್ಣ ಮೀನುಗಳು ಬಾಯಿ ಬಿಡುವಾಗ
ಅದು ಬರುತ್ತದೆ.
ಒಂದೂವರೆ ಮೊಳದ್ದು. ಶಾರ್ಕ್ ಅಂದರೆ ನಗು ಬರಬೇಕು:
ಮೈತುಂಬ ಚಿಕ್ಕೆ, ಮೊಂಡು ಮೂತಿ,
ಯಾರೋ ನೆನೆಹಾಕಿ ಮರೆತ ಜಮಖಾನದ ಚೂರು.
ನಾಲ್ಕು ರೆಕ್ಕೆ ಊರಿ
ನಡೆಯುತ್ತದೆ.
ಎಡ ಮುಂದೆ, ಬಲ ಹಿಂದೆ, ನಡು ಬಳುಕಿಸಿ,
ಜಾರಿದರೆ ತುಸು ನಿಂತು,
ಒಂದು ಗುಂಡಿಯಿಂದ ಇನ್ನೊಂದಕ್ಕೆ
ಬರಿಗಲ್ಲಿನ ಮೇಲೆ, ಏಡಿಯ ವಾಸನೆ ಹಿಡಿದು.

ಮೀನೆಣಿಸಲು ಸೊರೊಂಗ್‌ನಿಂದ ಬಂದಿದ್ದ ಲೀಡಿಯಾ ಹೇಳಿದ್ದಳು:
ಗಾಳಿ ತೀರಿದರೆ ಕಲಾಬಿಯಾ ಎದೆಬಡಿತ ತಗ್ಗಿಸಿ
ಮಿದುಳಿನ ಕೋಣೆಕೋಣೆಯ ದೀಪ ಆರಿಸಿ ಕೂರುತ್ತದೆ,
ನೀರು ಮರಳಿದ ಮೇಲೆ ಒಂದೊಂದೇ ಹೊತ್ತಿಸಿಕೊಳ್ಳುತ್ತದೆ.
ಎಲ್ಲವೂ ಹೊತ್ತುತ್ತವೆಯೇ, ಕೇಳಿದೆ.
ಅವಳು ನನ್ನ ಕಾಲು ನೋಡಿದಳು, ತನ್ನ ಪುಸ್ತಕ ನೋಡಿದಳು,
ಹೌದು ಅಂದಳು.

ಒಮ್ಮೆ ಅವ್ವನ ಬುಟ್ಟಿಯಲ್ಲಿ ಅದರ ಮೊಟ್ಟೆ ಬಂದಿತ್ತು,
ಕಂದು ತೊಗಲಿನ ಪುಟ್ಟ ಸಂಚಿ.
ಲಾಟೀನಿಗೆ ಹಿಡಿದರೆ ಒಳಗೆ ಬಾಲ ಮಿಡುಕುತ್ತಿತ್ತು.
ಇಟ್ಟವಳು ತಿರುಗಿ ನೋಡುವುದಿಲ್ಲವಂತೆ ಅವ್ವಾ,
ತಿಂಗಳುಗಟ್ಟಲೆ ಒಂಟಿಯಾಗಿ ಬೆಳೆದು ತಾನೇ ಹರಿದು ಬರಬೇಕಂತೆ.
ನನ್ನನ್ನು ಬೆನ್ನಿಗೆ ಹಾಕಿಕೊಂಡು ಮನೆಯ ಏಣಿ ಹತ್ತುವವಳು
ಏನೂ ಅನ್ನದೆ ಎದ್ದು ಹೋಗಿ
ಸಿಕ್ಕ ಸಂದಿಯಲ್ಲೇ ಅದನ್ನಿಟ್ಟು ಬಂದಳು.

ಇವತ್ತು ದೋಣಿಯ ನೆರಳಿಗೆ ಬಂದು ನಿಂತಿತು.
ಕೈ ಇಳಿಬಿಟ್ಟೆ.
ಒರಟು, ತಣ್ಣಗೆ, ಒದ್ದೆ ಮರಳುಕಾಗದದಂಥ ಬೆನ್ನು.
ಅದಕ್ಕೆ ನನ್ನ ಬೆರಳೂ ಒಂದು ಹವಳದ ಟಿಸಿಲು;
ಬಳಸಿಕೊಂಡು ಹೋಯಿತು.

ತಳದಲ್ಲಿ ಗುಳುಗುಳು. ದೋಣಿ ಒಮ್ಮೆ ಮಿಸುಕಿತು.
ಅವ್ವ ಹತ್ತಿ ಕೂತಳು, ಲಂಗ ಹಿಂಡುತ್ತ.
ಎಷ್ಟು?
ಏಳೇ ಏಳು. ಒಂದು ಸತ್ತಿದೆ.
ಸರಿ, ನೀನು ಕೂತಿರು,
ಹುಟ್ಟು ಇತ್ತ ಕೊಡು.